ಎರಡನೆಯ ಸಾಂಬಾರಿನ ಬೆಲೆ

ಮಾಜಿವಾಡಾ ನಾಕಾದ ತಮ್ಮ ಹೋಟೆಲಿನಲ್ಲಿ ಮೂವತ್ತೊಂದು ವರ್ಷ ಗಲ್ಲಾದಲ್ಲಿ ಕೂತಿದ್ದ ಪ್ರೇಮನಾಥರಿಗೆ ಒಂದು ಚಟವಿತ್ತು. ಗಿರಾಕಿ ತಟ್ಟೆ ಸರಿಸಿ ಏಳುವ ಲಕ್ಷಣ ಕಂಡರೆ ಸಾಕು, ಕೂತಲ್ಲಿಂದಲೇ ಹೇಳುತ್ತಿದ್ದರು: “ಸಂಕೋಚ ಮಾಡ್ಬೇಡಿ, ಇನ್ನೂ ಸ್ವಲ್ಪ ಹಾಕಿಸ್ಕೊಳ್ಳಿ.” ಮರಾಠಿಯವರಿಗೆ ಮರಾಠಿಯಲ್ಲಿ, ಹಿಂದಿಯವರಿಗೆ ಹಿಂದಿಯಲ್ಲಿ, ನಮ್ಮವರಿಗೆ ಕನ್ನಡದಲ್ಲಿ. ಎರಡನೆಯ ಸಾಂಬಾರಿಗಾಗಲಿ ಮೂರನೆಯ ಸಲದ ಅನ್ನಕ್ಕಾಗಲಿ ಹೋಟೆಲ್ ನವಮಿಯಲ್ಲಿ ಯಾವತ್ತೂ ದುಡ್ಡು ತೆಗೆದುಕೊಂಡದ್ದಿಲ್ಲ. ಪಕ್ಕದ ಹೋಟೆಲಿನವರು ನಗುತ್ತಿದ್ದರು. ನಗಲಿ ಬಿಡಿ, ಅವರ ಹೆಸರು ಇವತ್ತು ಯಾರಿಗೆ ನೆನಪಿದೆ? ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಗಿ ಹೋಟೆಲು ಮುಚ್ಚಿದ ಮೇಲೆ ಪ್ರೇಮನಾಥರಿಗೆ ಉಳಿದ ಆಸ್ತಿಯೆಂದರೆ ಆ ಒಳ್ಳೆಯ ಹೆಸರೊಂದೇ.

ಮಗಳು ಪೂಜಿತಾ ಬೇಲಾಪುರದ ಒಂದು ಕಂಪನಿಯಲ್ಲಿ ಮೊಬೈಲ್ ಗೇಮುಗಳಿಗೆ ಚಿತ್ರ ಬರೆಯುವವಳು. ಹೊಸದಾಗಿ ಉಡುಪಿ ಹೋಟೆಲಿನ ಗೇಮೊಂದು ಮಾಡುತ್ತಿದ್ದೇವೆ, ನಿಮ್ಮನ್ನು ಕೇಳಬೇಕಂತೆ ಎಂದು ಅಪ್ಪನನ್ನು ಡೊಂಬಿವಲಿಯ ಮನೆಯಿಂದ ಆಫೀಸಿಗೆ ಕರೆದೊಯ್ದಳು. ಎರಡು ವರ್ಷದಿಂದ ಯಾರೂ ಏನನ್ನೂ ಕೇಳದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಹೋದರು.

ಅಲ್ಲಿ ಬೆಲೆಯ ವಿಭಾಗ ನೋಡಿಕೊಳ್ಳುವ ಅಭಿಜಿತ್ ಎಂಬ ಹುಡುಗ ಕುರ್ಚಿ ಎಳೆದು ಕೂರಿಸಿದ. ಗೇಮನ್ನು ಹೇಗೆ ಮಾರಬೇಕೆಂದು ಬುಡದಿಂದಲೇ ಯೋಚಿಸುತ್ತಿದ್ದೇವೆ, ನೀವು ಹೇಗೆ ಬೆಲೆ ಕಟ್ಟುತ್ತಿದ್ದಿರಿ ಎಂದು ಕೇಳಿದ. ಪ್ರೇಮನಾಥರು ರೈಸ್‌ಪ್ಲೇಟಿನ ಗುಟ್ಟು ಬಿಡಿಸಿ ಹೇಳಿದರು. ಒಂದೇ ಬೆಲೆ. ಆಫೀಸಿನವನು ಎರಡು ಸೌಟು ಉಣ್ಣುತ್ತಾನೆ, ಮೂಟೆ ಹೊರುವವನು ಎಂಟು ಸೌಟು. ಕಮ್ಮಿ ಉಣ್ಣುವವನ ದುಡ್ಡಿನಲ್ಲಿ ಹಸಿದವನ ಹೊಟ್ಟೆ ತುಂಬುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಆಟಕ್ಕೂ ಹಾಗೇ ಒಂದು ಬೆಲೆ ಇಡಿ, ಆಮೇಲೆ ಎಷ್ಟು ಬೇಕಾದರೂ ಆಡಲಿ ಎಂದರು.

ಅಭಿಜಿತ್ ತಲೆದೂಗಿದ. ನಮ್ಮದೂ ಹೆಚ್ಚುಕಮ್ಮಿ ಅದೇ ಅಂಕಲ್, ಆಟ ಎಲ್ಲರಿಗೂ ಫುಕಟ್, ನೂರರಲ್ಲಿ ಮೂರು ಜನ ಕೊಡುತ್ತಾರೆ, ಆ ಮೂವರ ದುಡ್ಡಿನಲ್ಲಿ ತೊಂಬತ್ತೇಳು ಜನ ಆಡುತ್ತಾರೆ ಎಂದ.

ಇಲ್ಲೇ ನಮ್ಮ ಪ್ರೇಮನಾಥರು ಎಡವಿದ್ದು. ಅರೆ, ಇದು ನಮ್ಮ ಊಟದ ಧರ್ಮವೇ ಅಲ್ಲವೇ ಎಂದುಕೊಂಡರು. ಆ ಮೂವರು ಯಾರು ಎಂದು ಕೇಳಲಿಲ್ಲ. ಉಳ್ಳವರೇ ಇರಬೇಕು, ಇಲ್ಲದವರು ಯಾಕೆ ಕೊಡುತ್ತಾರೆ? ಹೋಟೆಲಿನ ಹೆಸರು ಕೊಟ್ಟರು, ಮುಖದ ಚಿತ್ರಕ್ಕೆ ಒಪ್ಪಿದರು, ಮಗಳ ಕಂಪನಿ ಎಂದು ಕಾಗದ ಓದದೆಯೇ ಸಹಿ ಹಾಕಿದರು. ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ನಿಲ್ಲಿಸಿ ಆ ಹಳೆಯ ಮಾತನ್ನು ಮೂರು ಭಾಷೆಯಲ್ಲಿ ಹೇಳಿಸಿದಾಗ ಎದುರಿಗೆ ತಟ್ಟೆಗಳನ್ನು ಕಂಡವರಂತೆ ಮನಸಾರೆ ಹೇಳಿದರು. ರೆಕಾರ್ಡಿಂಗಿನ ಹುಡುಗಿಯ ಕಣ್ಣಲ್ಲಿ ನೀರು ಬಂತಂತೆ.

ಗೇಮು ಬಂದ ವಾರ ಹೆಂಡತಿ ಸ್ವರ್ಣಲತಾ ಫೋನಿನಲ್ಲಿ ಆಡಿ ನೋಡಿದರು. ಮೊದಲ ದಿನ ಚೆನ್ನಾಗಿಯೇ ಇತ್ತು. ಮೂರನೆಯ ದಿನ ಹೋಟೆಲು ತುಂಬಿ, ಗಿರಾಕಿಗಳು ತಟ್ಟೆ ಮುಂದಿಟ್ಟು ಕೂತಿರುವಾಗ ಸಾಂಬಾರಿನ ಪಾತ್ರೆ ತಳ ಕಂಡಿತು. ಗಲ್ಲಾದಲ್ಲಿದ್ದ ಚಿತ್ರದ ಪ್ರೇಮನಾಥ ಎದ್ದುನಿಂತು ಕೈಮುಗಿದು, “ಸಂಕೋಚ ಮಾಡ್ಬೇಡಿ, ಇನ್ನೂ ಸ್ವಲ್ಪ ಹಾಕಿಸ್ಕೊಳ್ಳಿ” ಎಂದ. ಕೆಳಗೆ ಹಸಿರು ಬಟನ್: ಹತ್ತು ರೂಪಾಯಿ. ಒತ್ತದಿದ್ದರೆ ಗಿರಾಕಿಗಳು ಒಬ್ಬೊಬ್ಬರಾಗಿ ಹಸಿದೇ ಎದ್ದು ಹೋಗುತ್ತಿದ್ದರು.

ಸ್ವರ್ಣಲತಾ ಫೋನನ್ನು ಗಂಡನ ಕೈಗೆ ಕೊಟ್ಟರು. ಪ್ರೇಮನಾಥರು ಮೂರು ಸಲ ಕೇಳಿದರು. ತನ್ನದೇ ಗಂಟಲು, ಕಫದ ಆ ಸಣ್ಣ ಗರಗರವೂ ಸಮೇತ.

ಮರುದಿನವೇ ಬೇಲಾಪುರಕ್ಕೆ ಓಡಿದರು. ಅಭಿಜಿತ್ ಎದ್ದು ಬಂದು ಕೈಹಿಡಿದುಕೊಂಡ, ಸಂತೋಷದಿಂದ. ಧ್ವನಿ ಇಲ್ಲದೆಯೂ ಇಟ್ಟು ನೋಡಿದ್ದೆವು ಅಂಕಲ್, ನಿಮ್ಮ ಧ್ವನಿ ಹಾಕಿದ ಮೇಲೆ ಬಟನ್ ಒತ್ತುವವರು ಮೂರುಪಟ್ಟು ಆದರು ಎಂದ. ತೆಗೆದುಬಿಡಿ ಎಂದು ಇವರು ಬೇಡಿಕೊಂಡರು. ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಧ್ವನಿ ಈಗ ಕಂಪನಿಯದು, ಕಾಗದದಲ್ಲಿ ಹಾಗೇ ಇದೆ ಎಂದು ವಿನಯದಿಂದಲೇ ಹೇಳಿ ಚಹಾ ತರಿಸಿದ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ಇವರ ವಿಷಯದಲ್ಲಿ ಮಾತು ಹೋಗಲೂ ಇಲ್ಲ, ದಿನಕ್ಕೆ ಸಾವಿರ ಸಲ ಆಡಿಸಿಕೊಳ್ಳುತ್ತಲೇ ಇತ್ತು.

ಸಂಜೆ ಪೂಜಿತಾ ತಲೆಯೆತ್ತದೆ ಹೇಳಿದಳು, ಧ್ವನಿ ತೆಗೆಯಿರಿ ಎಂದು ತಾನೂ ಆಫೀಸಿನಲ್ಲಿ ಕೇಳಿ ಬೈಸಿಕೊಂಡೆನೆಂದು. ಆಗ ಪ್ರೇಮನಾಥರು ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದರು. ಆ ಮೂರು ಜನ ಯಾರು?

“ಯಾರಿಗೆ ಆಟ ಬಿಡೋಕೆ ಆಗಲ್ವೋ ಅವರು, ಪಪ್ಪಾ,” ಎಂದಳು ಪೂಜಿತಾ. “ಒಂಟಿ ಇರೋರು, ಬೇಜಾರಲ್ಲಿ ಇರೋರು. ಪೈಸಾ ಇರೋರು ಅಂತ ಏನಿಲ್ಲ.”

ಅಂದರೆ ಇಲ್ಲಿ ಹೆಚ್ಚು ಹಸಿದವನೇ ಎಲ್ಲರ ಬಿಲ್ಲು ಕೊಡುವುದು. ಮೂವತ್ತೊಂದು ವರ್ಷದ ಧರ್ಮ ತಲೆಕೆಳಗಾಗಿ ನಿಂತಿತ್ತು, ಅದೂ ಅವರ ಮುಖ ಹೊತ್ತುಕೊಂಡು. ಅಂದಿನಿಂದ ಅವರು ಹೊರಗೆ ಹೋಗುವುದನ್ನೇ ಬಿಟ್ಟರು.

ಆದರೂ ಕಳವಾ ಊರಿನಲ್ಲಿದ್ದ ನೆಂಟರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗದಿದ್ದರೆ ಆಗುತ್ತಿರಲಿಲ್ಲ. ಅಲ್ಲಿ ನಳಿನಾಕ್ಷಿ ಸಿಸ್ಟರ್ ಸಿಕ್ಕಿದರು. ಕಾಪು ಕಡೆಯವರು, ಮಾಜಿವಾಡಾದ ಆಸ್ಪತ್ರೆಯಲ್ಲಿ ನರ್ಸಾಗಿದ್ದು ಇಪ್ಪತ್ತು ವರ್ಷ ನವಮಿಯಲ್ಲೇ ಉಂಡವರು. ಈಗ ರಿಟೈರಾಗಿ, ನೆಂಟರಿದ್ದ ಅದೇ ಚಾಳಿನ ಒಂದು ಕೋಣೆಯಲ್ಲಿ ಒಬ್ಬರೇ. ಬಿಡದೆ ಮನೆಗೆ ಕರೆದೊಯ್ದು ಕೂರಿಸಿ, ಮೊದಲು ತೋರಿಸಿದ್ದೇ ಫೋನು.

“ಪ್ರೇಮಣ್ಣ, ನಾನು ಊಟಕ್ಕೆ ಕೂತ್ಕೊಳ್ಳುವಾಗ ಇದನ್ನು ಎದುರು ಇಟ್ಕೊಳ್ತೇನೆ,” ಎಂದರು. “ಇನ್ನೂ ಸ್ವಲ್ಪ ಹಾಕ್ಕೊಳ್ಳಿ ಅಂತ ಹೇಳ್ಲಿಕ್ಕೆ ನನಗೆ ಯಾರಿದ್ದಾರೆ ಹೇಳಿ. ದಿನಾ ಹತ್ತು ರೂಪಾಯಿ, ಎಂತ ಮಹಾ? ಹೋಟೆಲು ಹೋಯ್ತು ಅಂತ ಕೇಳಿ ಬೇಜಾರಾಗಿತ್ತು. ಅಷ್ಟಾದ್ರೂ ನಿಮಗೆ ಸಿಗ್ಲಿ ಅಂತ.”

ಅದರಲ್ಲಿ ಒಂದು ಪೈಸೆಯೂ ತನಗೆ ಬರುವುದಿಲ್ಲ, ಅದು ತಾನಲ್ಲ, ದಯವಿಟ್ಟು ಒತ್ತಬೇಡಿ ಎಂದು ಪ್ರೇಮನಾಥರು ತಡವರಿಸುತ್ತ ಹೇಳಿದರು. ಹೇಳಿದ್ದನ್ನೇ ಮತ್ತೆ ಹೇಳಿದರು. ಕೊನೆಗೆ ಕೈಯನ್ನೂ ಮುಗಿದರು.

ನಳಿನಾಕ್ಷಿ ನಕ್ಕುಬಿಟ್ಟರು. ಈ ಮನುಷ್ಯ ದುಡ್ಡು ಬೇಡ ಎನ್ನುವುದನ್ನು ಅವರು ಇಪ್ಪತ್ತು ವರ್ಷ ಕಂಡಿದ್ದರು.

“ನೀವು ಯಾವಾಗ್ಲೂ ಹೀಗೇ,” ಎಂದರು. “ಎಷ್ಟು ಸೊರಗಿದ್ದೀರಿ ನೋಡಿ. ನಾಳೆಯಿಂದ ರಾತ್ರಿ ಊಟಕ್ಕೂ ಒತ್ತುತ್ತೇನೆ.”