ಬೈಗುಳ ಓದಬೇಕಾದ ವಕೀಲೆ

ಹಲವು ದೇಶಗಳ ವಿದ್ಯಾರ್ಥಿಗಳು ಸೇರಿದ್ದ ದ್ವೇಷಾಪರಾಧ ಕಾನೂನಿನ ಕೋರ್ಸಿನ ಕೊನೆಯ ದಿನ ಅಣಕು ನ್ಯಾಯಾಲಯ ನಡೆಯಿತು. ಸರ್ಕಾರಿ ವಕೀಲೆಯ ಪಾತ್ರ, ಎಲ್ಲರೂ ‘ಮೌನಿ’ ಎಂದು ಕರೆಯುತ್ತಿದ್ದವಳ ತಲೆಗೇ ಬಂತು. ತಂಡದ ಐವರ ಅಂಕಗಳೂ ಅವಳ ನಾಲಿಗೆಯ ಮೇಲೆ ನಿಂತಿದ್ದವು.

ಮೊಕದ್ದಮೆ ಸರಳ: ಬಸ್ ನಿಲ್ದಾಣದಲ್ಲಿ ಒಬ್ಬ ಇನ್ನೊಬ್ಬನ ಜನಾಂಗವನ್ನು ಬೈಯುತ್ತಾ ಹೊಡೆದಿದ್ದಾನೆ. ದೂರಿನಲ್ಲಿ ಬರೆದಿರುವ ಆ ಬೈಗುಳವನ್ನು ಓದಿ ಹೇಳಿದರೆ ದ್ವೇಷ ಸಾಬೀತಾಗುತ್ತದೆ. ಇಲ್ಲದಿದ್ದರೆ ಅದು ಬರೀ ಹೊಡೆದಾಟ.

ಮೌನಿ ಎದ್ದು ನಿಂತು ಬೆವರೊರೆಸಿಕೊಂಡಳು. “ಆರೋಪಿಯವರು ಸ್ವಲ್ಪ ಸರಿಯಲ್ಲದ ಮಾತಾಡಿದ್ರು.”

“ಏನಮ್ಮಾ ಆ ಮಾತು?” ಎಂದರು ನ್ಯಾಯಾಧೀಶರ ಕುರ್ಚಿಯಲ್ಲಿದ್ದ ಮೇಷ್ಟ್ರು.

“ಅದು... ಚೆನ್ನಾಗಿಲ್ಲ ಸಾರ್.”

“ಚೆನ್ನಾಗಿಲ್ಲ ಅಂತಾನೇ ಕೇಸ್ ಹಾಕಿರೋದು. ಓದಮ್ಮಾ.”

“ಓದೇ ತಾಯಿ, ನಮ್ಮನ್ನ ಮುಳುಗಿಸ್ಬೇಡ!” ಎಂದು ತಂಡದ ಗೆಳತಿ ಹಿಂದಿನಿಂದ ಪಿಸುಗುಟ್ಟಿದಳು.

ಮನೆಗೆ ನುಗ್ಗಿದ ಬೆಕ್ಕನ್ನೂ ‘ಹೋಗಮ್ಮಾ’ ಎಂದು ಓಡಿಸುವ ಹುಡುಗಿ ಕಣ್ಣು ಮುಚ್ಚಿ, ಆ ಬೈಗುಳವನ್ನು ಒಂದಕ್ಷರ ಬಿಡದೆ ಓದಿಬಿಟ್ಟಳು. ಗೆದ್ದೆ ಎಂದುಕೊಂಡು ಕಣ್ಣು ತೆರೆದರೆ, ಎದುರಿಗೆ ಆರೋಪಿಯ ಪಾತ್ರದಲ್ಲಿದ್ದ ಸಾಧು ಸ್ವಭಾವದ ಸಹಪಾಠಿ ಪೆಚ್ಚಾಗಿ ನಿಂತಿದ್ದ.

“ಸಾರಿ ಅಣ್ಣಾ, ನೀವು ಹಾಗೆಲ್ಲ ಅನ್ನೋರಲ್ಲ ಅಂತ ನಂಗೊತ್ತು” ಎಂದು ಅವಳ ಬಾಯಿಂದ ಜಾರಿಯೇಬಿಟ್ಟಿತು.

ಆರೋಪಿ ಪರ ವಕೀಲ ಚಂಗನೆ ಎದ್ದ. “ಸ್ವಾಮಿ, ಸರ್ಕಾರವೇ ಒಪ್ಕೊಂಡಿದೆ. ನನ್ನ ವಾದ ಮುಗೀತು!”

ದ್ವೇಷದ ಆರೋಪ ಅಲ್ಲೇ ಬಿದ್ದುಹೋಯಿತು. ತಂಡದವರು ಮೌನಿಯನ್ನು ನೋಡಿದ ನೋಟದಲ್ಲಿದ್ದ ದ್ವೇಷವನ್ನು ಸಾಬೀತುಪಡಿಸಲು ಮಾತ್ರ ಯಾವ ಸಾಕ್ಷಿಯೂ ಬೇಕಿರಲಿಲ್ಲ.