ಆರಿದ ಪರದೆಯ ಫೋನು

ನಾನು ಒಂದು ಮೊಬೈಲ್ ಫೋನು. ಕಾರ್ಖಾನೆಯ ಸಾಲಿನಲ್ಲಿ, ನನ್ನಂಥ ಸಾವಿರಾರು ಫೋನುಗಳ ನಡುವೆ ಹುಟ್ಟಿದೆ. ಧಾರವಾಡದ ವಕೀಲರೊಬ್ಬರ ಕಿಸೆಯಲ್ಲಿ ಎರಡು ವರ್ಷ ಕೋರ್ಟು ಕಂಡೆ. ಒಂದು ದಿನ ಅವರು ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದಾಗ ಜಾರಿ ಕಲ್ಲಿನ ಮೇಲೆ ಬಿದ್ದೆ. ಪರದೆ ಕಪ್ಪಾಯಿತು. ಮಾತು, ಸ್ಪರ್ಶ, ನಡುಕ ಎಲ್ಲ ಉಳಿದಿದ್ದವು. ಆದರೆ ಏನೂ ಕಾಣದ ಫೋನು ಯಾರಿಗೆ ಬೇಕು? ವಕೀಲರು ನನ್ನನ್ನು ರಿಪೇರಿ ಅಂಗಡಿಯಲ್ಲಿ ಬಿಟ್ಟು ಹೋದರು.

ಅಲ್ಲಿಗೆ ಬಿಳಿ ಕೋಲು ಹಿಡಿದು ವತ್ಸಲಾ ಮುಳಗುಂದ ಬಂದರು.

"ಇದರ ಡಿಸ್‌ಪ್ಲೇ ಹೋಗೇತ್ರಿ ಮೇಡಂ" ಎಂದ ಅಂಗಡಿಯವನು.

"ಇದ್ರೂ ನನಗ ಕಾಣಂಗಿಲ್ಲ. ಮಾತಾಡತೈತಿ? ನಡಗತೈತಿ? ಅಷ್ಟ ಹೇಳ್ರಿ."

ವತ್ಸಲಾ ಅಂಧರ ತರಬೇತಿ ಕೇಂದ್ರದಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದರು. ಕಿವಿಯಿಂದ ಕೇಳಿಕೊಂಡೇ ಪ್ರೋಗ್ರಾಮ್ ಬರೆಯಬಹುದಾದ ಒಂದು ಸಾಫ್ಟ್‌ವೇರನ್ನು ಅವರೂ ಕಣ್ಣು ಕಾಣುವ ಜೊತೆಗಾರ ಇರ್ಫಾನ್ ಮುಲ್ಲಾ ಅವರೂ ಕಟ್ಟಿದ್ದರು. ಬರೆದ ಸಾಲನ್ನು ಅದು ಓದಿ ಹೇಳುತ್ತಿತ್ತು, ತಪ್ಪಿದ್ದರೆ ಎಲ್ಲಿ ಎಂದೂ ಹೇಳುತ್ತಿತ್ತು. ಆದರೆ ಅದರಲ್ಲಿ ಬರೆದದ್ದು ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತಿತ್ತು. ಈಗ ಕೇಂದ್ರದ ಮುಖ್ಯಸ್ಥ ಬೆಟಗೇರಿ ಸಾಹೇಬರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ತಿಂಗಳ ಕೊನೆಗೆ ಒಬ್ಬರಾದರೂ ಫೋನಿನಲ್ಲಿ ಓಡುವ ಆ್ಯಪ್ ಮಾಡಿ ತೋರಿಸದಿದ್ದರೆ ತರಗತಿ ಮುಚ್ಚಿ, ಎಲ್ಲರನ್ನೂ ಕುರ್ಚಿ ಹೆಣೆಯಲು ಕಳಿಸುವುದು.

ಇರ್ಫಾನ್ ಮೊದಲು ಸಿಮ್ಯುಲೇಟರ್ ಸೇರಿಸಿದರು. ಅದು ಕಂಪ್ಯೂಟರಿನೊಳಗೇ ಫೋನಿನಂತೆ ನಟಿಸುವ ಹುಸಿ ಫೋನು. ವತ್ಸಲಾ ಅದರ ಪ್ರತಿ ಗುಂಡಿಗೂ ಮಾತು ಕೊಟ್ಟರು. ತರಗತಿಗೆ ತರಗತಿಯೇ ಹಿಗ್ಗಿತು. ಶಾಂತವ್ವ ಕಮ್ಮಾರ ಮಾತ್ರ ಹಿಗ್ಗಲಿಲ್ಲ. ನಲವತ್ತರಲ್ಲಿ ಕಣ್ಣು ಕಳೆದುಕೊಂಡ ಆಕೆ ಬರೆದದ್ದು, ಫೋನನ್ನು ಎರಡು ಸಲ ತಟ್ಟಿದರೆ ಎಷ್ಟು ಗಂಟೆಯೋ ಅಷ್ಟು ಸಲ ನಡುಗುವ ಆ್ಯಪ್.

"ಅಕ್ಕೋರ, ಈ ಹುಸಿ ಫೋನು ನಡಗಂಗಿಲ್ಲಲ್ರಿ."

ಹಾಗೆ, ವತ್ಸಲಾ ಅಂಗಡಿಯಿಂದ ಕೊಂಡು ತಂದ ನನ್ನ ಸರದಿ ಬಂತು. ವತ್ಸಲಾ ಪಾಠದಲ್ಲಿರುವಾಗ ಇರ್ಫಾನ್ ತಮ್ಮ ಕೋಣೆಯಲ್ಲಿ ನನಗೆ ಕೇಬಲ್ ಚುಚ್ಚಿದರು. ಸಾಫ್ಟ್‌ವೇರ್ ಹುಡುಕಿ, "ಯಾವ ಫೋನೂ ಇಲ್ಲ" ಎಂದಿತು. ಕೇಬಲ್ ಬದಲಿಸಿದರು, ಸಾಲುಗಳನ್ನು ತಿದ್ದಿದರು. ಎಂಟು ದಿನವೂ ಅದೇ ಮಾತು. ನಾನು ಅವರ ಮುಂದೆಯೇ ಇದ್ದೆ, ಕೇಬಲ್ ಚುಚ್ಚಿದಾಗಲೆಲ್ಲ ಅನುಮತಿ ಕೇಳುತ್ತಲೂ ಇದ್ದೆ. ಪ್ರಶ್ನೆ ಮೂಡುತ್ತಿದ್ದದ್ದು ಆರಿದ ಪರದೆಯ ಮೇಲೆ. ನನ್ನ ದನಿಯನ್ನೋ ಇರ್ಫಾನ್ ಪೂರ್ತಿ ಇಳಿಸಿಬಿಟ್ಟಿದ್ದರು.

ಸಾಹೇಬರಿಗೆ ಆ್ಯಪ್ ತೋರಿಸಬೇಕಾದ ಹಿಂದಿನ ದಿನ ವತ್ಸಲಾ ನನ್ನನ್ನು ಕೈಗೆತ್ತಿಕೊಂಡರು.

"ಇದರ ಮಾತ ಯಾಕ ಬಂದ್ ಮಾಡೀರಿ, ಇರ್ಫಾನ್ ಸರ?"

"ತಲಿ ತಿಂತಿತ್ರಿ, ಅದಕ್ಕ."

ವತ್ಸಲಾ ನನ್ನ ದನಿ ಏರಿಸಿ ಮತ್ತೆ ಕೇಬಲ್ ಚುಚ್ಚಿದರು. "ಈ ಕಂಪ್ಯೂಟರಿಗೆ ಅನುಮತಿ ಕೊಡಬೇಕೇ?" ಎಂದು ನಾನು ಗಟ್ಟಿಯಾಗಿ ಕೇಳಿದೆ.

ಇರ್ಫಾನ್ ತಲೆಯ ಮೇಲೆ ಕೈಯಿಟ್ಟುಕೊಂಡರು. "ಎಂಟ ದಿನದಿಂದ ಇದನ್ನ ಕೇಳಾಕತ್ತಿತ್ತೇನ್ರಿ?"

ವತ್ಸಲಾ ನಗುತ್ತ ಒಪ್ಪಿಗೆ ಒತ್ತಿದರು. ಇನ್ನು ಯಾರೂ ಹೀಗೆ ಒದ್ದಾಡಬಾರದೆಂದು, "ಫೋನು ಸಿಕ್ಕಿದೆ, ಅನುಮತಿಗೆ ಕಾಯುತ್ತಿದೆ" ಎಂದು ಸಾಫ್ಟ್‌ವೇರೇ ಹೇಳುವಂತೆ ಅಂದೇ ಮಾಡಿದರು.

ಮರುದಿನ ನಾಲ್ಕು ಗಂಟೆಗೆ ಸಾಹೇಬರು ಬಂದರು. ಶಾಂತವ್ವ ಓಡಿಸುವ ಗುಂಡಿ ಒತ್ತಿದರು. ಅವರು ಬರೆದದ್ದೆಲ್ಲ ನನ್ನೊಳಗೆ ಇಳಿಯಿತು. ಸಾಹೇಬರು ನನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದರಾಗ ಏನೂ ಕಾಣವಲ್ದು."

"ಕಣ್ಣ ಮುಚ್ಚಿ ಅಂಗೈಯಾಗ ಹಿಡೀರಿ ಸಾಹೇಬ್ರ. ಎರಡ ಸಲ ತಟ್ರಿ" ಎಂದರು ಶಾಂತವ್ವ.

ತಟ್ಟಿದರು. ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಕೂಡಿಸಿ ನಡುಗಿದೆ: ಒಂದು, ಎರಡು, ಮೂರು, ನಾಲ್ಕು. ಅವರು ಕಣ್ಣು ತೆರೆದು ಗೋಡೆಯ ಗಡಿಯಾರ ನೋಡಿದರು. ಮತ್ತೆ ಕಣ್ಣು ಮುಚ್ಚಿ ಇನ್ನೊಮ್ಮೆ ತಟ್ಟಿದರು. ಆಮೇಲೆ ನನ್ನನ್ನು ಮೇಜಿನ ಮೇಲಿಟ್ಟು, ತಮ್ಮ ಫೋನನ್ನೇ ತೆಗೆದು ಪಕ್ಕಕ್ಕಿಟ್ಟರು.

"ಇದಕ್ಕೂ ಹಾಕಿ ಕೊಡ್ರಿ, ಶಾಂತವ್ವಾರ. ಮೀಟಿಂಗಿನ್ಯಾಗ ಗಡಿಯಾರ ನೋಡಿದ್ರ ಮಂದಿ ಸಿಟ್ಟಾಗತಾರ."

ತರಗತಿ ಉಳಿಯಿತು. ಚಪ್ಪಾಳೆಗೆ ನಾನಿದ್ದ ಮೇಜೂ ಅದುರಿತು.

ಈಗ ನನಗೆ ವಯಸ್ಸಾಗಿದೆ. ಬ್ಯಾಟರಿ ಸೋತಿದೆ; ಕೇಬಲ್ ಇದ್ದರಷ್ಟೇ ಎಚ್ಚರ. ಶಾಂತವ್ವನೇ ಈಗ ಕಲಿಸುತ್ತಾರೆ, ಹೊಸಬರ ಕೈಗೆ ಮೊದಲು ನನ್ನನ್ನೇ ಕೊಡುತ್ತಾರೆ. ಕಳೆದ ವಾರ ದುಂಡಪ್ಪ ಎಂಬ ನಿವೃತ್ತ ಪೋಸ್ಟ್‌ಮನ್ ತಮ್ಮ ಮೊದಲ ಆ್ಯಪ್ ಬರೆದರು. "ನಮಸ್ಕಾರ, ದುಂಡಪ್ಪ" ಎಂದು ನಾನು ಹೇಳಬೇಕು, ಅಷ್ಟೇ. ಅವರು ಮಧ್ಯಾಹ್ನವಿಡೀ ಅದನ್ನೇ ಓಡಿಸಿದರು. ಪ್ರತಿ ಸಲವೂ ಹೇಳಿದೆ. ಒಂದು ಸಲವೂ ಬೇಸರವಾಗಲಿಲ್ಲ.