ತಕರಾರಿಲ್ಲದೆ ಕೊಟ್ಟ ಬಂದೂಕು

ಏರಿ ಒಡೆದು ನದಿ ಊರೊಳಗೆ ನುಗ್ಗಿದ ಮರುದಿನ ಸರ್ಕಾರಕ್ಕೆ ಎಚ್ಚರವಾಯಿತು. ಎಚ್ಚರವಾದದ್ದೇ ತಡ, ಜನರ ಚಿಂತೆ ಹತ್ತಿಕೊಂಡಿತು. ಜನ ಮುಳುಗಿ ಹೋಗ್ತಾರಲ್ಲ ಅಂತ ಅಲ್ಲ ಮತ್ತೆ, ಜನ ಎಲ್ಲಿ ಗುಂಡು ಹಾರಿಸಿಬಿಡ್ತಾರೋ ಅಂತ! ಲೂಟಿ ಆಗುತ್ತದಂತೆ, ಹೊಡೆದಾಟ ಆಗುತ್ತದಂತೆ. ಒಣಗಿದ ಕೋಣೆಯಲ್ಲಿ ಬೆಚ್ಚಗೆ ಕೂತ ಯಾರೋ ಮಹಾನುಭಾವರು, ಊರಿನ ಬಂದೂಕು, ಪಿಸ್ತೂಲುಗಳನ್ನೆಲ್ಲ ಈಗಿಂದೀಗಲೇ ವಶಕ್ಕೆ ತಗೊಳ್ಳಿ ಎಂದು ಆಜ್ಞೆ ಹೊರಡಿಸಿದರು. ಲೂಟಿ ಆಗಬೇಕಾದ ಅಂಗಡಿಗಳೆಲ್ಲ ನೀರಿನಡಿ ಇದ್ದವು, ಆ ಮಾತು ಬಿಡಿ.

ಗಾರ್ಡ್ ಮತ್ತು ಅವನ ಹೆಂಡತಿ ತಾರಸಿ ಮೇಲೆ ಕೂತಿದ್ದರು. ಗಾರ್ಡ್ ಅಂದರೆ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವವನು. ಬಂದೂಕು ಅವನ ಸ್ವಂತದ್ದು, ಅದು ಇದ್ದುದಕ್ಕೇ ಆ ಕೆಲಸ. ಇಷ್ಟು ವರ್ಷದಲ್ಲಿ ಅದರಿಂದ ಒಂದು ಕಾಗೆಯನ್ನೂ ಹೆದರಿಸಿದವನಲ್ಲ. ಖಾಲಿ ರಸ್ತೆಯಲ್ಲೂ ಕೆಂಪು ದೀಪ ಕಂಡರೆ ಸೈಕಲ್ ನಿಲ್ಲಿಸಿ ಕಾಯುವ ಪ್ರಾಣಿ ಅದು. ಹೆಂಡತಿ ಇದಕ್ಕಾಗಿ ಅವನನ್ನು ಬೈಯದ ದಿನ ಇರಲಿಲ್ಲ.

ಈಗ ಬೈಯಲಿಕ್ಕೂ ಅವಳಿಗೆ ತ್ರಾಣ ಸಾಲುತ್ತಿರಲಿಲ್ಲ. ಹೃದಯದ ಕಾಯಿಲೆಯವಳು. ಮಾತ್ರೆಗಳು ಕಪಾಟಿನ ಸಮೇತ ತೇಲಿಹೋಗಿದ್ದವು. ಕಾಲು ಊದಿಕೊಂಡಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ನೀರಿನ ಟ್ಯಾಂಕಿಗೆ ಒರಗಿಸಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದ. ಸಹಾಯವಾಣಿಗೆ ಫೋನ್ ಮಾಡಿ ಮಾಡಿ ಫೋನೇ ಸತ್ತಿತ್ತು. ಆಸ್ಪತ್ರೆಗೆ ಸೇರಿಸದಿದ್ದರೆ ಇವಳು ಉಳಿಯುವುದಿಲ್ಲ ಅಂತ ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅಷ್ಟರಲ್ಲಿ ಮೋಟಾರಿನ ಸದ್ದು ಕೇಳಿಸಿತು. ದೋಣಿ! ಗಾರ್ಡಿಗೆ ಹೋದ ಜೀವ ಬಂದಂತಾಯಿತು. ಒಬ್ಬ ಇನ್ಸ್‌ಪೆಕ್ಟರು, ಒಬ್ಬ ಪೇದೆ, ದೋಣಿ ನಡೆಸುವವನೊಬ್ಬ. ಮಿಕ್ಕಿದ್ದೆಲ್ಲ ಖಾಲಿ ಜಾಗ.

"ನಿಮ್ಮ ಮನೇಲಿ ಬಂದೂಕು ಇದೆಯಲ್ಲ?" ಇನ್ಸ್‌ಪೆಕ್ಟರು ಕೇಳಿದರು.

"ಇದೆ ಸಾರ್."

"ಕೊಡಿ."

ಕೊಟ್ಟ. ಸುಮ್ಮನೆ ಕೊಟ್ಟನೇ? ಗುಂಡು ತೆಗೆದು, ನಳಿಗೆ ಖಾಲಿ ಇದೆ ಅಂತ ತೋರಿಸಿ, ಟವೆಲ್ಲಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದ. ನಾಳೆ ಇದಿಲ್ಲದೆ ಬ್ಯಾಂಕಿನವರು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಗೊತ್ತಿತ್ತು, ಆದರೆ ಆಜ್ಞೆ ಅಂದಮೇಲೆ ಆಜ್ಞೆ. ಇನ್ಸ್‌ಪೆಕ್ಟರು ಅವನಿಗೊಂದು ಸಲ್ಯೂಟ್ ಹೊಡೆದರು. "ಎಲ್ಲರೂ ನಿಮ್ಮ ಹಾಗೆ ಇದ್ದಿದ್ದರೆ ದೇಶ ಎಲ್ಲಿಗೋ ಹೋಗ್ತಿತ್ತು ಕಣ್ರೀ," ಅಂದರು.

"ಸಾರ್, ನಮ್ಮ ಮನೆಯವಳಿಗೆ ಉಸಿರಾಡಕ್ಕೆ ಆಗ್ತಿಲ್ಲ. ಅವಳೊಬ್ಬಳನ್ನ..."

"ಅಯ್ಯೋ, ಇದು ಆಯುಧದ ದೋಣಿ. ಜನರನ್ನ ಹತ್ತಿಸೋ ಹಾಗಿಲ್ಲ. ಅವರದ್ದು ಬೇರೆ ಇಲಾಖೆ, ಬರ್ತಾರೆ."

ಪೇದೆ ಬಂದೂಕಿಗೆ ಒಂದು ಹನಿಯೂ ತಾಗದ ಹಾಗೆ ಟಾರ್ಪಾಲು ಸುತ್ತಿ, ಮಗುವನ್ನು ಮಲಗಿಸುವಂತೆ ಸೀಟಿನ ಮೇಲೆ ಮಲಗಿಸಿದ.

ದೋಣಿ ನೇರವಾಗಿ ಎದುರು ಮನೆಗೆ ಹೋಯಿತು. ಅಲ್ಲಿದ್ದವನು ಕಂಟ್ರಾಕ್ಟರು, ಅವನ ಹತ್ತಿರ ಪಿಸ್ತೂಲಿತ್ತು. "ಕೊಡಲ್ಲ ಕಣೋ! ನಿಮ್ಮಪ್ಪನ ಮನೆ ಗಂಟೇನೋ ಇದು?" ಎಂದು ಬಾಯಿಗೆ ಬಂದ ಹಾಗೆ ಬೈದು ಪೇದೆಯನ್ನು ನೀರಿಗೆ ತಳ್ಳಿದ. ಪೇದೆ ಮೇಲೆದ್ದು ಬಂದು ಪಿಸ್ತೂಲು ಕಿತ್ತುಕೊಂಡ. ಆಮೇಲೆ ಆ ಪುಣ್ಯಾತ್ಮನಿಗೆ ಆಗಬೇಕಾದ ಶಿಕ್ಷೆ ಆಯಿತು. ಕೈ ಹಿಡಿದು ದೋಣಿಗೆ ಹತ್ತಿಸಿದರು, ಕಂಬಳಿ ಹೊದಿಸಿದರು.

"ಎಲ್ಲಿಗೋ ಎಳಕೊಂಡು ಹೋಗ್ತೀರ ನನ್ನ?" ಎಂದು ಅವನು ಕಿರುಚಿದ.

"ಮೊದಲು ಆಸ್ಪತ್ರೆಗೆ," ಇನ್ಸ್‌ಪೆಕ್ಟರು ಹಲ್ಲು ಕಡಿದರು. "ಯಾರನ್ನ ಹಿಡಿದರೂ ಡಾಕ್ಟರು ನೋಡಲೇಬೇಕು. ಆಮೇಲೆ ಐತೆ ನಿನಗೆ, ಠಾಣೇಲಿ."

ದೋಣಿ ಹೊರಟುಹೋಯಿತು. ಹೆಂಡತಿ ಗಂಡನ ಮುಖ ನೋಡಿದಳು. "ಕೇಳಿಸ್ತಾ?" ಅಂದಳು, ಉಸಿರು ಎಳೆದುಕೊಂಡು. "ಅವನಿಗೆ ಡಾಕ್ಟರಂತೆ. ನೀವು ಸಾರ್ ಸಾರ್ ಅಂತ ಒರೆಸಿ ಕೊಟ್ಟಿರಲ್ಲ, ಕೂತ್ಕೊಳ್ಳಿ ಈಗ. ನಿಮ್ಮನ್ನ ಕಟ್ಟಿಕೊಂಡು ನಾನು ಕೆಟ್ಟೆ."

ನಾಚಿಕೆಯಿಂದ ಗಾರ್ಡಿಗೆ ಅಲ್ಲೇ ಸತ್ತುಹೋಗಬೇಕು ಅನಿಸಿತು. ಮೆಟ್ಟಿಲ ಮೇಲಿನ ನೀರು ತಾರಸಿಗೆ ಬರಲು ಇನ್ನೇನು ಸ್ವಲ್ಪ ಬಾಕಿ ಇತ್ತು. ಅವಳ ತುಟಿ ನೀಲಿಗಟ್ಟುತ್ತಿತ್ತು.

ಮಧ್ಯಾಹ್ನದ ಮೇಲೆ ಅದೇ ದೋಣಿ ಮತ್ತೆ ಬೀದಿಗೆ ಬಂತು. ಗಾರ್ಡ್ ತಾರಸಿಯ ಅಂಚಿಗೆ ಓಡಿ ಕೂಗಿದ. "ಸಾರ್! ಇನ್ನೊಂದಿದೆ ಸಾರ್!"

ದೋಣಿ ತಿರುಗಿತು. ಇನ್ಸ್‌ಪೆಕ್ಟರ ಮುಖ ಬಾಡಿಹೋಗಿತ್ತು. "ನಿಮ್ಮಂಥವರೂ ಹೀಗೆ ಮಾಡೋದೇನ್ರೀ?"

"ನನ್ನದಲ್ಲ ಸಾರ್." ಗಾರ್ಡ್ ತೊದಲಿದ. ಜನ್ಮದಲ್ಲಿ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ ನೋಡಿ. "ಇವಳದು. ಲೈಸೆನ್ಸ್ ಇಲ್ಲದ ಪಿಸ್ತೂಲು. ಸೀರೆಯೊಳಗೆ ಬಚ್ಚಿಟ್ಟುಕೊಂಡಿದಾಳೆ."

ಹೆಂಡತಿ ಒಂದು ಕ್ಷಣ ಕಣ್ಣು ಕಣ್ಣು ಬಿಟ್ಟಳು. ಅವಳು ಗಂಡನಷ್ಟು ಪೆದ್ದಿಯಲ್ಲ. "ಹೌದು, ಇದೆ!" ಎಂದಳು. "ಕೊಡಲ್ಲ. ಅದೇನು ಕಿತ್ಕೊತೀರೋ ಕಿತ್ಕೊಳ್ಳಿ!"

ಪೇದೆ ಮುಂದೆ ಬಂದವನು ಅಲ್ಲೇ ನಿಂತ. ಹೆಂಗಸರ ಮೈ ತಪಾಸಣೆಯನ್ನು ಹೆಂಗಸರೇ ಮಾಡಬೇಕು ಅಂತ ನಿಯಮ, ಮಹಿಳಾ ಪೇದೆ ಇದ್ದದ್ದು ದಡದಲ್ಲಿ. ಇನ್ಸ್‌ಪೆಕ್ಟರು ತಲೆ ಕೆರೆದುಕೊಂಡರು. ಕೊನೆಗೆ, "ಕುರ್ಚಿ ಸಮೇತ ಎತ್ರೋ," ಅಂದರು. ನಾಲ್ವರೂ ಸೇರಿ ಅವಳನ್ನು ದೋಣಿಗಿಳಿಸಿದರು. ಕಂಬಳಿಯೂ ಬಂತು.

ಅವಳ ಹಿಂದೆಯೇ ಗಾರ್ಡ್ ಕಾಲಿಡಹೋದ. ಇನ್ಸ್‌ಪೆಕ್ಟರು ಎದೆಗೆ ಕೈ ಕೊಟ್ಟು ತಡೆದರು.

"ನೀವು ಯಾಕ್ರೀ? ನೀವು ಏನು ತಪ್ಪು ಮಾಡಿದೀರ? ಹೆಂಡತಿ ಅಂತಲೂ ನೋಡದೆ ಹಿಡಿದುಕೊಟ್ಟಿದೀರ. ನಿಮ್ಮನ್ನ ಹಿಡಿದರೆ ನನಗೆ ಪಾಪ ಬರುತ್ತೆ."

"ಅವರನ್ನೂ ಹಿಡೀರಿ!" ಹೆಂಡತಿ ಕೂಗಿದಳು. "ಅವರೇ ತಂದುಕೊಟ್ಟದ್ದು!"

ಇನ್ಸ್‌ಪೆಕ್ಟರು ನಕ್ಕರು. "ಸಿಕ್ಕಿಬಿದ್ದ ಮೇಲೆ ಎಲ್ಲರೂ ಗಂಡನ ಮೇಲೆ ಹಾಕೋರೇ."

ದೋಣಿ ತಾರಸಿಯನ್ನು ಬಿಟ್ಟಿತು. ಅವಳಿಗೆ ಆಗ ಗಾಬರಿಯಾಯಿತು. "ಇಲ್ಲಪ್ಪಾ, ಪಿಸ್ತೂಲೂ ಇಲ್ಲ, ಮಣ್ಣೂ ಇಲ್ಲ! ಸುಳ್ಳು ಹೇಳಿದ್ವಿ. ದಮ್ಮಯ್ಯ, ನನ್ನ ಇಳಿಸಿಬಿಡಿ. ಅವರೊಬ್ಬರೇ ಇಲ್ಲಿ ಏನಾಗ್ತಾರೆ!" ಸೆರಗು ಕೊಡವಿ ತೋರಿಸಿದಳು, ಅತ್ತಳು.

ಇನ್ಸ್‌ಪೆಕ್ಟರು ಮೋಟಾರು ನಿಲ್ಲಿಸಲು ಸನ್ನೆ ಮಾಡಿ ತಾರಸಿಯತ್ತ ನೋಡಿದರು. "ಏನ್ರೀ, ಇವರು ಹೀಗಂತಾರೆ. ನಿಮ್ಮ ಮಾತು ನಂಬ್ತೀನಿ ನಾನು. ಇದೆಯೋ, ಇಲ್ಲವೋ?"

ನೀರು ಆಗಲೇ ಗಾರ್ಡಿನ ಪಾದ ಮುಟ್ಟಿತ್ತು. ಅವನು ನೆಟ್ಟಗೆ ನಿಂತ.

"ಇದೆ ಸಾರ್," ಅಂದ. "ಬಲು ಹಟಮಾರಿ ಅವಳು, ಕೇಳಿದರೆ ಕೊಡಲ್ಲ. ಬೇಗ ಕರಕೊಂಡು ಹೋಗಿ."

ಮೋಟಾರು ಮತ್ತೆ ಶುರುವಾಯಿತು. ಅವಳು ಅವನನ್ನು ಅವನ ವಂಶ ಸಮೇತ ಶಪಿಸುತ್ತಾ ಹೋದಳು. ಮುಠ್ಠಾಳ, ಮನೆಹಾಳ, ಕೊಲೆಗಾರ, ಯಾವುದನ್ನೂ ಬಿಡಲಿಲ್ಲ. ತಿರುವಿನಲ್ಲಿ ದೋಣಿ ಮರೆಯಾಗುವ ತನಕ ಗಾರ್ಡ್ ಕಿವಿಗೊಟ್ಟು ಕೇಳಿದ. ಬೈಯುವಷ್ಟು ಉಸಿರು ಅವಳಲ್ಲಿ ಇನ್ನೂ ಇತ್ತು.